ಅಣು ಒಡೆಯುವ ಗಳಿಗೆ

ಬ್ಯಾಂಕಿನಲ್ಲಿ ನಾನು ಬಡ್ಡಿ ಹಾಕುತ್ತಿದ್ದುದು ದಿನಗಳ ಲೆಕ್ಕದಲ್ಲಿ. ಅಣುಗಳ ವ್ಯವಹಾರವೆಲ್ಲ ಫೆಮ್ಟೊಸೆಕೆಂಡುಗಳಲ್ಲಿ. ಮಕ್ಕಳೇ, ಒಂದು ಸೆಕೆಂಡನ್ನು ಹತ್ತು ಕೋಟಿ ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು!

ಹಿಂದೆ ರಾಸಾಯನಿಕ ಕ್ರಿಯೆಯ ಆರಂಭದ ಶಿಲ್ಕು, ಕೊನೆಯ ಶಿಲ್ಕು ಗೊತ್ತಿತ್ತು; ನಡುವಿನದು ಕಾಣುತ್ತಿರಲಿಲ್ಲ. ಈಜಿಪ್ಟಿನಲ್ಲಿ ಹುಟ್ಟಿದ ಅಹಮದ್ ಝೆವೈಲ್ 1987ರಲ್ಲಿ ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಅದನ್ನು ಹಿಡಿದರು. ಒಂದು ಲೇಸರ್ ಮಿಂಚು ಅಯೋಡಿನ್ ಸಯನೈಡ್ ಅಣುವನ್ನು ಒಡೆಯಿತು. ಬೆನ್ನಿಗೇ ಬಂದ ಇನ್ನೊಂದು ಮಿಂಚು ಅದರ ಸ್ಥಿತಿ ತಿಳಿಸಿತು. ಎರಡರ ನಡುವಿನ ಅಂತರ ಬದಲಿಸುತ್ತ ಹೋದಂತೆ ಘಟನೆ ಸಿನಿಮಾದಂತೆ ಬಿಚ್ಚಿಕೊಂಡಿತು. ಅಣು ಬೇರ್ಪಡಲು ಹಿಡಿದದ್ದು ಸುಮಾರು 200 ಫೆಮ್ಟೊಸೆಕೆಂಡು. 1999ರಲ್ಲಿ ಅವರಿಗೆ ನೊಬೆಲ್ ಬಂತು.

ಬೆಳಕು ಬಿದ್ದಾಗ ನಮ್ಮ ಕಣ್ಣಿನ ರೆಟಿನಲ್ ಅಣು ಮೈ ತಿರುಚಲೂ ಸುಮಾರು ಅಷ್ಟೇ ಹೊತ್ತು. ಅಜ್ಜನಿಗಾಗಲಿ ಮೊಮ್ಮಗಳಿಗಾಗಲಿ, ನೋಟ ಶುರುವಾಗುವುದೇ ಅಲ್ಲಿಂದ.