ದೂರದರ್ಶನದ ಹಾಸ್ಯವೂ ಗಣಿಯ ಜನವೂ

ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿಯೂ ಬಂಗಾರಪೇಟೆಯಲ್ಲಿಯೂ ರಾತ್ರಿ ಊಟದ ಹೊತ್ತಿಗೆ ದೂರದರ್ಶನದ ಪೆಟ್ಟಿಗೆಯೇ ಮನೆಯ ಯಜಮಾನನಾಗಿರುವುದು ವಾಚಕರಿಗೆ ತಿಳಿಯದ ಸಂಗತಿಯಲ್ಲ. ನಸುಕಿನಲ್ಲಿ ಮಾರಿಕುಪ್ಪಂ ರೈಲನ್ನು ಹಿಡಿದು ಬೆಂಗಳೂರಿಗೆ ಹೋಗಿ, ದುಡಿದು, ಕತ್ತಲಾದ ಮೇಲೆ ಮರಳುವ ಸಹಸ್ರಾರು ಜನರಿಗೆ ನಾಟಕ, ಸಂಗೀತ, ಹರಿಕಥೆಗಳೆಲ್ಲವೂ ಈಗ ಅದರಲ್ಲಿಯೇ ಅಡಗಿವೆ. ಹೀಗಿರುವಲ್ಲಿ, ಅದು ಏನನ್ನು ತೋರಿಸುತ್ತದೆ, ಯಾರನ್ನು ಗುರಿಮಾಡಿ ನಗಿಸುತ್ತದೆ ಎಂಬ ವಿಚಾರವು ಕೆಲಸವಿಲ್ಲದವರ ಹರಟೆಯೆನಿಸಲಾರದು. ಈಚೆಗೆ ನಾವು ನೋಡಿದ ಹೊಸ ಹಾಸ್ಯಸ್ಪರ್ಧೆಗಳನ್ನೂ ಮರಳಿ ನೋಡಿದ ಕೆಲವು ಹಳೆಯ ಧಾರಾವಾಹಿಗಳನ್ನೂ ಕುರಿತು ನಮ್ಮ ಅಭಿಪ್ರಾಯವನ್ನು ಮಹಾಜನರ ಮುಂದಿಡುತ್ತೇವೆ.

ಮೊದಲು ಮೆಚ್ಚತಕ್ಕುದನ್ನು ಹೇಳೋಣ. 2016ರಲ್ಲಿ ಜೀ ಕನ್ನಡ ವಾಹಿನಿಯಲ್ಲಿ ಆರಂಭವಾದ 'ಕಾಮಿಡಿ ಕಿಲಾಡಿಗಳು' ಒಂದು ಉಪಕಾರವನ್ನು ಮಾಡಿತು. ಹೆಸರಿಲ್ಲದ ಹಳ್ಳಿಪಟ್ಟಣಗಳ ನಟರಿಗೆ ಅದು ರಂಗಸ್ಥಳವನ್ನು ಕೊಟ್ಟಿತು. ಅದರ ಮೊದಲ ಆವೃತ್ತಿಯಲ್ಲಿ ಗೆದ್ದ ಶಿವರಾಜ್ ಕೆ. ಆರ್. ಪೇಟೆಯವರು ತಮ್ಮ ಊರನ್ನು ಹೆಸರಿನಲ್ಲಿಯೇ ಹೊತ್ತು ಬಂದವರು. ಬೆಂಗಳೂರಿನ ಮಾತೊಂದೇ ಕನ್ನಡವೆಂಬ ಭ್ರಮೆಯನ್ನು ಇಂತಹ ನಟರು ಎಷ್ಟೋ ಮಟ್ಟಿಗೆ ನೀಗಿಸಿದ್ದಾರೆ. ಇದಕ್ಕಾಗಿ ಅವರನ್ನು ಅಭಿನಂದಿಸುವುದರಲ್ಲಿ ನಾವು ಹಿಂದೆಗೆಯುವುದಿಲ್ಲ.

ಆದರೆ ಈ ಮಾದರಿಯ ಸ್ಪರ್ಧೆಗಳನ್ನು ವಾರವಾರವೂ ನೋಡಿದರೆ ಒಂದು ದೋಷವು ಎದ್ದುಕಾಣುತ್ತದೆ. ಗಂಡಸಿಗೆ ಸೀರೆಯುಡಿಸುವುದು, ಸ್ಥೂಲದೇಹಿಯನ್ನೂ ಕಪ್ಪು ಬಣ್ಣದವನನ್ನೂ ಗೇಲಿಮಾಡುವುದು, ತೊದಲುವವನನ್ನು ಅಣಕಿಸುವುದು, ಇವು ಹಾಸ್ಯದ ಸಿದ್ಧ ಸರಕುಗಳಾಗಿವೆ. ನೋಡುವವನು ನಗುವುದಕ್ಕೆ ಮುನ್ನವೇ ಪೆಟ್ಟಿಗೆಯೊಳಗಿನ ನಗೆ ಕೇಳಿಬರುತ್ತದೆ. ಕೂಲಿಯವನೋ ಕಾವಲುಗಾರನೋ ತಮಿಳಿನ ಎಳೆತದಲ್ಲಿ ಕನ್ನಡವನ್ನಾಡಿದರಂತೂ ಬೇರೆ ಹಾಸ್ಯವೇ ಬೇಡವಾಗುತ್ತದೆ. ರಾಬರ್ಟ್‌ಸನ್ ಪೇಟೆಯಲ್ಲಿಯೂ ಚಾಂಪಿಯನ್ ರೀಫಿನಲ್ಲಿಯೂ ಕುಳಿತು ಇದನ್ನು ನೋಡುವ ಬಾಲಕನು ಅಲ್ಲಿ ಕಾಣುವುದು ತನ್ನ ತಂದೆಯನ್ನು!

ಮಾತಿನ ಬೆರಕೆಯನ್ನು ಕಂಡು ನಗುವುದು ಕನ್ನಡಕ್ಕೆ ಹೊಸದಲ್ಲ. ಲಂಡನ್ನಿನಲ್ಲಿ ಭೂಗರ್ಭಶಾಸ್ತ್ರವನ್ನು ಓದಿ, ಮೈಸೂರು ಸರಕಾರದ ಭೂಗರ್ಭ ಇಲಾಖೆಯಲ್ಲಿ ಅಧಿಕಾರಿಯಾಗಿದ್ದ ಟಿ. ಪಿ. ಕೈಲಾಸಂ ಅವರು ಇಂಗ್ಲಿಷು ಬೆರೆತ ಕನ್ನಡದಿಂದಲೇ ನಾಡನ್ನು ನಗಿಸಿದರು. ಆದರೆ ಅವರು ನಕ್ಕದ್ದು ಯಾರನ್ನು ಕಂಡು? ತಮ್ಮಂತೆಯೇ ಓದಿದ, ತಮ್ಮಂತೆಯೇ ಉದ್ಯೋಗದಲ್ಲಿದ್ದ ವರ್ಗವನ್ನು ಕಂಡು. ಮಾಸ್ಟರ್ ಹಿರಣ್ಣಯ್ಯನವರು 'ಲಂಚಾವತಾರ'ದಲ್ಲಿ ದಶಕಗಳ ಕಾಲ ಹಾಸ್ಯಮಾಡಿದ್ದು ಅಧಿಕಾರಸ್ಥರನ್ನು. ಈಟೀವಿ ಕನ್ನಡದಲ್ಲಿ ಬರುತ್ತಿದ್ದ 'ಸಿಲ್ಲಿ ಲಲ್ಲಿ'ಯನ್ನು ಈಗ ಮರಳಿ ನೋಡಿದಾಗಲೂ ಬೇಸರವಾಗದಿರುವುದಕ್ಕೆ ಇದೇ ಕಾರಣವೆಂದು ನಮಗೆ ತೋರುತ್ತದೆ. ಅದರ ಸಮಾಜಸೇವಕಿ ಲಲಿತಾಂಬೆಯ ಆಡಂಬರವು ನಮ್ಮ ಸಭೆ, ಸಮಿತಿ, ಸನ್ಮಾನಗಳ ಆಡಂಬರವೇ ಅಲ್ಲವೆ? ಅಲ್ಲಿ ನಗೆಯು ಮೇಲಿದ್ದವರ ಕಡೆಗೆ ಹೋಗುತ್ತಿತ್ತು; ಈಗ ಕೆಳಗಿದ್ದವರ ಮೇಲೆ ಬೀಳುತ್ತಿದೆ.

ಗಣಿಯ ಊರಿನ ಬೆರಕೆ ಮಾತು ಹುಟ್ಟಿದ ಬಗೆಯನ್ನಾದರೂ ಈ ಬರಹಗಾರರು ತಿಳಿಯಬೇಕಾಗಿತ್ತು. 1880ರಲ್ಲಿ ಜಾನ್ ಟೇಲರ್ ಕಂಪೆನಿಯು ಇಲ್ಲಿ ಕಾಲಿಟ್ಟ ಮೇಲೆ ಉತ್ತರ ಆರ್ಕಾಡು, ಚಿತ್ತೂರು ಮೊದಲಾದ ಸೀಮೆಗಳಿಂದ ಜನರು ದುಡಿಯಲು ಬಂದರು. ಅವರಲ್ಲಿ ಹೆಚ್ಚಿನವರು ದಲಿತರು. 3 ಕಿಲೋಮೀಟರಿಗೂ ಮಿಕ್ಕ ಆಳದಲ್ಲಿ, ಬೇಯುವ ಬಂಡೆಯ ನಡುವೆ, ತಮಿಳರು, ತೆಲುಗರು, ಕನ್ನಡಿಗರು ಜೊತೆಗೂಡಿ ಕೆಲಸಮಾಡಿದರು. ಅಲ್ಲಿ ಒಬ್ಬನ ಮಾತು ಇನ್ನೊಬ್ಬನಿಗೆ ತಿಳಿಯದಿದ್ದರೆ ಪ್ರಾಣಕ್ಕೇ ಸಂಚಕಾರ. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಮಾತು ಮಾತ್ರ ಉಳಿದಿದೆ. ನೆರೆಯ ನುಡಿಯಿಂದ ಬಂದವನು ಕನ್ನಡವನ್ನು ಆಡಲು ಯತ್ನಿಸಿದಾಗ ನಕ್ಕು ಅವನ ಬಾಯನ್ನು ಮುಚ್ಚಿಸುವುದು ಕನ್ನಡದ ಸೇವೆಯಾಗಲಾರದು.

ಗಂಭೀರ ಕಥೆಗಳಲ್ಲಿಯೂ ಈ ಊರಿಗೆ ನ್ಯಾಯ ದೊರೆತಿಲ್ಲ. ಪ್ರಶಾಂತ್ ನೀಲ್ ಅವರ 'ಕೆಜಿಎಫ್' 2018ರಲ್ಲಿಯೂ ಅದರ ಎರಡನೆಯ ಭಾಗ 2022ರಲ್ಲಿಯೂ ತೆರೆಕಂಡು, ಅನಂತರ ಮನೆಮನೆಯ ದೂರದರ್ಶನಕ್ಕೂ ಬಂದವು. ಕನ್ನಡ ಚಿತ್ರವನ್ನು ದೇಶವೆಲ್ಲ ನೋಡಿತೆಂಬ ಹೆಮ್ಮೆ ನಮಗೂ ಇದೆ. ಆದರೆ ಚಿನ್ನವು 1951ರಲ್ಲಿ ಸಿಕ್ಕಿತೆಂಬ ಆ ಕಥೆಯ ನಾರಾಚಿಯು ಕೇವಲ ಕಲ್ಪನೆ. ನಿಜವಾದ ಊರಿಗೆ 1902ರಲ್ಲಿಯೇ ಶಿವನಸಮುದ್ರದಿಂದ ವಿದ್ಯುಚ್ಛಕ್ತಿ ಬಂದಿತ್ತು. ಇಲ್ಲಿಯ ಕಾರ್ಮಿಕರು ಉದ್ಧಾರಕನೊಬ್ಬನ ದಾರಿ ಕಾಯುತ್ತ ಕುಳಿತವರೂ ಅಲ್ಲ. ಬೆರಳಚ್ಚು ತೆಗೆದುಕೊಳ್ಳುವ ಕ್ರಮವನ್ನು ವಿರೋಧಿಸಿ 1930ರಲ್ಲಿ ತಾವಾಗಿಯೇ ಮುಷ್ಕರ ಹೂಡಿದವರು. ಗಣಿಯನ್ನು ಅಗೆದವರು ಯಾರೆಂಬ ಪ್ರಶ್ನೆಯನ್ನು 2024ರಲ್ಲಿ ಪಾ. ರಂಜಿತ್ ಅವರು 'ತಂಗಲಾನ್' ಎಂಬ ತಮಿಳು ಚಿತ್ರದಲ್ಲಿ ಕೇಳಿದರು. ಅದರ ಮಾಯಾಮಂತ್ರಗಳು ನಮಗೆ ರುಚಿಸಲಿಲ್ಲ. ಆದರೂ, ನಮ್ಮ ನೆಲದ ಈ ಪ್ರಶ್ನೆಯನ್ನು ಕನ್ನಡದವರು ಕೇಳದೆ ಬಿಟ್ಟುದು ನಮಗೆ ನಾಚಿಕೆಯ ವಿಷಯವೆನ್ನದೆ ವಿಧಿಯಿಲ್ಲ.

ಶಕ್ತಿಯಿಲ್ಲದೆ ಹೀಗಾಯಿತೆನ್ನುವಂತಿಲ್ಲ. ಶಂಕರ್ ನಾಗ್ ಅವರು 1980ರ ದಶಕದಲ್ಲಿ ಆಗುಂಬೆಯನ್ನೇ ಮಾಲ್ಗುಡಿಯಾಗಿಸಿ, ಆರ್. ಕೆ. ನಾರಾಯಣರ ಕಥೆಗಳನ್ನು ದೇಶಕ್ಕೆಲ್ಲ ತೋರಿಸಿದರು. ಅಲ್ಲಿ ಖಳನೂ ಇಲ್ಲ, ಕತ್ತಿಯೂ ಇಲ್ಲ. ಮನುಷ್ಯರಿದ್ದಾರೆ, ಅವರ ಸಣ್ಣ ಆಸೆಗಳಿವೆ. ಅಂತಹ ಸರಕು ಬಂಗಾರಪೇಟೆ ಜಂಕ್ಷನ್ನಿನಲ್ಲಿ ದಿನವೂ ಬಂದಿಳಿಯುತ್ತಿದೆ. ರೈಲಿನಲ್ಲಿ ಜಾಗಕ್ಕಾಗಿ ಜಗಳವಾಡಿ ಅನಂತರ ನೆಂಟರಾಗುವವರು, ಕಂಪೆನಿಯ ಕಾಲದ ಠೀವಿಯನ್ನು ಬಿಡಲಾರದ ನಿವೃತ್ತರು, ಚುನಾವಣೆ ಬಂದಾಗಲೆಲ್ಲ ಗಣಿಯನ್ನು ತೆರೆಸುತ್ತೇವೆಂದು ಭಾಷಣಮಾಡಿ ಮರೆಯಾಗುವ ಮುಖಂಡರು, ಇವರಿಗಿಂತ ಒಳ್ಳೆಯ ಹಾಸ್ಯಪಾತ್ರಗಳನ್ನು ಯಾವ ಬರಹಗಾರನು ತಾನೆ ಸೃಷ್ಟಿಸಿಯಾನು?

ನಗೆಯನ್ನು ನಿರ್ಬಂಧಿಸಬೇಕೆಂದು ನಾವು ಹೇಳುತ್ತಿಲ್ಲ. ಸರಕಾರದ ಕತ್ತರಿಯನ್ನೂ ನಾವು ಬಯಸುವುದಿಲ್ಲ. ವಾಹಿನಿಗಳವರು ನೋಡುವವರ ಸಂಖ್ಯೆಯನ್ನೇ ನಂಬಿ ಬಾಳುವವರಾದುದರಿಂದ ಅವರನ್ನು ತಿದ್ದುವ ಭಾರವು ನೋಡುವವರದೇ ಆಗಿದೆ. ಮೆಚ್ಚಿಗೆಯಾದುದನ್ನು ಮೆಚ್ಚಿ, ಹೀನವಾದುದನ್ನು ಹೀನವೆಂದು ವಾಚಕರು ಅವರಿಗೆ ಕಾಗದ ಬರೆಯಲಿ. ಹಾಸ್ಯ ಬರೆಯುವ ತರುಣರು ಒಂದು ವಾರವಾದರೂ ಮಾರಿಕುಪ್ಪಂ ರೈಲಿನಲ್ಲಿ ಹೋಗಿಬಂದು ಬರೆಯಲಿ. ಅವರು ಬರೆದುದನ್ನು ಈ ಊರಿನ ಮನೆಗಳಲ್ಲಿ ತಂದೆ ಮಕ್ಕಳು ಒಟ್ಟಿಗೆ ಕುಳಿತು ನಗುತ್ತ ನೋಡುವಂತಾದರೆ, ಅಂದು ಅದನ್ನು ಹೊಗಳಿ ಬರೆಯಲು ಇದೇ ಪುಟದಲ್ಲಿ ನಾವು ಸ್ಥಳವನ್ನು ಕಾದಿರಿಸುತ್ತೇವೆ.