ಕುಕ್ಕರಹಳ್ಳಿ ಕೆರೆಯ ಮುಂಜಾವು

ಹಕ್ಕಿಗಳನ್ನು ಕಾಣಲು ರಂಗನತಿಟ್ಟಿಗೇ ಹೋಗಬೇಕೆಂಬುದು ಬಹುಮಂದಿಯ ಭಾವನೆ. ಆದರೆ ಮೈಸೂರು ನಗರದೊಳಗೇ, ಮಾನಸಗಂಗೋತ್ರಿಯ ಮಗ್ಗುಲಲ್ಲಿ ಹರಡಿಕೊಂಡಿರುವ ಕುಕ್ಕರಹಳ್ಳಿ ಕೆರೆಯ ಏರಿಯನ್ನು ಸೂರ್ಯೋದಯಕ್ಕೆ ಮುನ್ನ ಹತ್ತಿದವರಿಗೆ ಅಷ್ಟು ದೂರದ ಪ್ರಯಾಣ ಬೇಕಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ, ಬೇಸಾಯಕ್ಕೆ ನೀರೊದಗಿಸಲೆಂದು ನಿರ್ಮಾಣವಾದ ಕೆರೆಯಿದು.

ಮುಂಜಾವೇ ಏಕೆ? ಇರುಳೆಲ್ಲ ಉಪವಾಸವಿದ್ದ ಹಕ್ಕಿ ಬೆಳಕು ಹರಿದೊಡನೆ ಆಹಾರವನ್ನರಸಿ ಹೊರಡುತ್ತದೆ. ಊರಿನ ಗದ್ದಲ ಏಳುವ ಮುನ್ನ, ನಿಶ್ಚಲವಾದ ಗಾಳಿಯಲ್ಲಿ ದನಿಯೂ ದೂರ ಸಾಗುತ್ತದೆ. ಗಂಡು ಮಡಿವಾಳ ಹಕ್ಕಿ ಕೊಂಬೆಯ ತುದಿಯಲ್ಲಿ ಕುಳಿತು ಹಾಡುವಾಗ ಕೇಳುವವರಿಗೆ ಅದು ಸಂಗೀತ. ಇತರ ಗಂಡುಗಳಿಗೆ ಮಾತ್ರ ಎಲ್ಲೆ ಮೀರಬಾರದೆಂಬ ಎಚ್ಚರಿಕೆ.

ನೀರಿನ ಮೇಲಿನ ನೋಟ ಇನ್ನೂ ಸೊಗಸು. ಹೆಜ್ಜಾರ್ಲೆ ತನ್ನ ಕೊಕ್ಕಿನಡಿಯ ಚೀಲದಿಂದ ಮೀನನ್ನು ಮೊಗೆದು, ನೀರನ್ನು ಬಸಿದು ನುಂಗುತ್ತದೆ. ಹಾವಕ್ಕಿಯಾದರೋ ಮೈಯನ್ನೆಲ್ಲ ಮುಳುಗಿಸಿ ಕತ್ತನ್ನಷ್ಟೇ ಮೇಲೆತ್ತಿ ಈಜುತ್ತದೆ. ಹೊಸಬರಿಗೆ ಹಾವೆಂದೇ ಭ್ರಮೆ. ಅದರ ಬೇಟೆ ಚೂಪು ಕೊಕ್ಕಿನ ತಿವಿತದಿಂದ. ಹಾವಕ್ಕಿ, ನೀರುಕಾಗೆಗಳ ಗರಿಗಳು ಬಾತಿನ ಗರಿಗಳಂತೆ ನೀರನ್ನು ತಡೆಯವು. ನೆನೆದ ಗರಿ ಮುಳುಗಲು ಸಹಾಯಕ. ಆಮೇಲೆ ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸಲೇಬೇಕು. ಹೊತ್ತೇರಿ, ಕಾದ ನೆಲದಿಂದ ಬಿಸಿಗಾಳಿ ಮೇಲೆದ್ದಾಗ, ಹೆಜ್ಜಾರ್ಲೆಗಳು ಅದನ್ನೇ ಆಧರಿಸಿ ಸುತ್ತುಸುತ್ತಾಗಿ ಮುಗಿಲಿಗೇರುತ್ತವೆ.

ಒಂದು ದಿನ ಬಂದುಹೋಗುವವರಿಗೆ ಇರುವ ಹಕ್ಕಿ ಕಾಣುತ್ತದೆ; ನಿತ್ಯ ಬರುವವರಿಗೆ ಇಲ್ಲದ ಹಕ್ಕಿಯೂ ಕಾಣುತ್ತದೆ. ಪರಿಚಿತ ಸ್ಥಳದ ಹಿರಿಮೆ ಇದೇ. ನಗರ ಬೆಳೆದಂತೆ ಈ ಕೆರೆಗೆ ನೀರು ತರುವ ದಾರಿಗಳು ಕುಗ್ಗಿದವು. ಚರಂಡಿಯ ನೀರೂ ಸೇರಿ ಕೆರೆ ನರಳಿದ್ದುಂಟು. ಹೆಜ್ಜಾರ್ಲೆ ಜಗತ್ತಿನಲ್ಲಿಯೇ ಅಪಾಯದ ಅಂಚಿಗೆ ಸಮೀಪಿಸಿರುವ ಪಕ್ಷಿಗಳ ಪಟ್ಟಿಯಲ್ಲಿದೆ. ಇಂತಹ ಕಡೆ ತಾರೀಖು, ವೇಳೆ, ಹೆಸರು, ಎಣಿಕೆ ಎಂಬ ನಾಲ್ಕು ವಿವರಗಳನ್ನು ತಪ್ಪದೆ ಬರೆದಿಟ್ಟ ಪುಸ್ತಕವೊಂದು ಮುಂದೆ ಕೆರೆಯ ಪರವಾಗಿ ಸಾಕ್ಷಿ ನುಡಿಯಬಲ್ಲುದು.

ಇದು ಬರಿಯ ಆಸೆಯ ಮಾತಲ್ಲ. ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆಂದು ಬಂದಿದ್ದ ಸಲೀಂ ಅಲಿಯವರು ಕಾವೇರಿಯ ನಡುಗಡ್ಡೆಗಳಲ್ಲಿ ಗೂಡುಕಟ್ಟುವ ಹಕ್ಕಿಗಳನ್ನು ಕಂಡು, ಅವುಗಳ ರಕ್ಷಣೆಯ ಅಗತ್ಯವನ್ನು ಅರಸರಿಗೆ ಮನಗಾಣಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾದುದು ಹಾಗೆ. ಕಣ್ಣಿಟ್ಟು ನೋಡಿದವರೊಬ್ಬರ ಮಾತಿಗೆ ಅಷ್ಟು ಬೆಲೆ ಬಂದಿತು.

ಖರ್ಚು ಹೆಚ್ಚಿಲ್ಲ. ಒಂದು ಪುಸ್ತಕ, ಒಂದು ಪೆನ್ಸಿಲು, ದೊರೆತರೆ ದುರ್ಬೀನು. ಜೊತೆಗೆ ಮನೆಯ ಮಕ್ಕಳು. ಎಚ್ಚರವಾಗುವುದೊಂದೇ ಕಷ್ಟ.