ಮನೆ ಕಸದಲ್ಲಿ ಕರೆಂಟು ಎಷ್ಟಿದೆ? ನೀವೇ ಲೆಕ್ಕ ಹಾಕಿ ನೋಡಿ

"ಕಸದಿಂದ ಕರೆಂಟು ಮಾಡ್ತಾರಂತೆ. ಹಾಗಾದ್ರೆ ಹಸಿ ಕಸ, ಒಣ ಕಸ ಅಂತ ಬೇರೆ ಮಾಡೋದ್ಯಾಕೆ? ಎಲ್ಲಾ ಒಟ್ಟಿಗೆ ಸುಟ್ಟರಾಯ್ತಲ್ಲ!" ಇದು ಅನೇಕರ ಪ್ರಶ್ನೆ. ಪ್ರಶ್ನೆ ಒಳ್ಳೆಯದೇ. ಉತ್ತರ ನಮ್ಮ ಅಡುಗೆಮನೆಯ ಬಕೆಟ್ಟಿನಲ್ಲೇ ಇದೆ.

ಒದ್ದೆ ಸೌದೆಯ ಪಾಠ

ಮಳೆಗಾಲದಲ್ಲಿ ಒದ್ದೆ ಸೌದೆ ಒಲೆಗಿಟ್ಟವರಿಗೆ ಗೊತ್ತು: ಹೊಗೆ ಜಾಸ್ತಿ, ಬೆಂಕಿ ಕಡಿಮೆ. ಶಾಖವೆಲ್ಲ ಮೊದಲು ನೀರನ್ನು ಆವಿ ಮಾಡಲಿಕ್ಕೇ ಖರ್ಚಾಗುತ್ತದೆ. ಕಸಕ್ಕೂ ಇದೇ ನಿಯಮ. ಶಾಖವನ್ನು ಕಿಲೋಕ್ಯಾಲೊರಿಯಲ್ಲಿ ಅಳೆಯುತ್ತಾರೆ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡುವ ಶಾಖವೇ ಒಂದು ಕಿಲೋಕ್ಯಾಲೊರಿ. ಇಂಥ 860 ಸೇರಿದರೆ ಒಂದು ಯೂನಿಟ್ ಕರೆಂಟಿಗೆ ಸಮ.

ಲೆಕ್ಕ ಹೀಗೆ

1. ಒಂದು ಕಿಲೋ ಅಡುಗೆಮನೆ ಕಸವನ್ನು ತೂಗಿ, ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ ಮತ್ತೆ ತೂಗಿ. ಸುಮಾರು 250 ಗ್ರಾಂ ಉಳಿದೀತು. ಮಿಕ್ಕ 750 ಗ್ರಾಂ ಬರೀ ನೀರು.

2. ಒಣಗಿದ ಪದಾರ್ಥ ಕಿಲೋಗೆ ಸುಮಾರು 4000 ಕಿಲೋಕ್ಯಾಲೊರಿ ಕೊಡುತ್ತದೆ. 250 ಗ್ರಾಂಗೆ 1000 ಆಯಿತು.

3. ಒಂದು ಕಿಲೋ ನೀರು ಆವಿಯಾಗಲು ಸುಮಾರು 600 ಬೇಕು. 750 ಗ್ರಾಂಗೆ 450 ಕಳೆಯಿರಿ. ಕೈಗೆ ಸಿಕ್ಕಿದ್ದು 550 ಮಾತ್ರ.

ಅದೇ ಕಸ ಮಳೆಗೆ ನೆನೆದು, ಕಿಲೋದಲ್ಲಿ 850 ಗ್ರಾಂ ನೀರೇ ಇದ್ದರೆ? 600ರಲ್ಲಿ 510 ಕಳೆದು ಉಳಿಯುವುದು ಬರೀ 90!

ಈಗ ಇಡೀ ಮನೆಯ ಲೆಕ್ಕ. ಉದಾಹರಣೆಗೆ ದಿನಕ್ಕೆ 2 ಕಿಲೋ ಕಸ ಎನ್ನೋಣ. 1.2 ಕಿಲೋ ಹಸಿ ಕಸಕ್ಕೆ 660. ಕೊಳೆಯಾದ ಕಾಗದ, ಬಟ್ಟೆ, ಪ್ಲಾಸ್ಟಿಕ್ ಹಾಳೆ ಸೇರಿ ಅರ್ಧ ಕಿಲೋ ಒಣ ಕಸಕ್ಕೆ, ಕಿಲೋಗೆ 3000ದಂತೆ 1500. ಮಣ್ಣು, ಬೂದಿ 300 ಗ್ರಾಂ, ಅದಕ್ಕೆ ಸೊನ್ನೆ. ಒಟ್ಟು 2160. ಅಂದರೆ ಕಿಲೋಗೆ 1080. ಸ್ಥಾವರದಲ್ಲಿ ಶಾಖದ ಐದನೇ ಒಂದು ಪಾಲು ಕರೆಂಟಾದರೆ ಸಿಗುವುದು ಅರ್ಧ ಯೂನಿಟ್.

ದೆಹಲಿಯಲ್ಲಿ ಆದದ್ದು

1987ರಲ್ಲಿ ದೆಹಲಿಯ ತಿಮಾರ್‌ಪುರದಲ್ಲಿ ಡೆನ್ಮಾರ್ಕಿನ ಯಂತ್ರ ತಂದು, ದಿನಕ್ಕೆ 300 ಟನ್ ಕಸ ಸುಟ್ಟು 3.75 ಮೆಗಾವಾಟ್ ವಿದ್ಯುತ್ ತಯಾರಿಸಲು ಹೊರಟರು. ಯಂತ್ರಕ್ಕೆ ಬೇಕಾದದ್ದು ಕಿಲೋಗೆ 1462 ಕಿಲೋಕ್ಯಾಲೊರಿ. ಬಂದ ಕಸದಲ್ಲಿ ಇದ್ದದ್ದು 600–700. ಮೂರೇ ವಾರದಲ್ಲಿ ಸ್ಥಾವರ ನಿಂತಿತು. ಕೋಟಿಗಟ್ಟಲೆ ಹಣ ನೀರುಪಾಲು. ಯಂತ್ರ ತರಿಸುವ ಮೊದಲು ಕಸದ ಶಾಖವನ್ನು ಸರಿಯಾಗಿ ಅಂದಾಜು ಮಾಡಿದ್ದರೆ ಈ ನಷ್ಟ ತಪ್ಪುತ್ತಿತ್ತು. ಕೇಂದ್ರ ಸರ್ಕಾರದ 2016ರ ಘನತ್ಯಾಜ್ಯ ನಿಯಮವೂ ಕಿಲೋಗೆ 1500 ಅಥವಾ ಹೆಚ್ಚು ಶಾಖವಿರುವ, ಮರುಬಳಕೆಯಾಗದ ಕಸವನ್ನು ಗುಂಡಿಗೆ ಸುರಿಯದೆ ಶಕ್ತಿ ಉತ್ಪಾದನೆಗೇ ಬಳಸಬೇಕೆಂದಿತು.

ಹಾಗಾದರೆ ನಾವೇನು ಮಾಡಬೇಕು?

* ಹಸಿ ಕಸವನ್ನು ಬೆಂಕಿಗೆ ಕೊಡಬೇಡಿ, ಮಣ್ಣಿಗೆ ಕೊಡಿ. ಗೊಬ್ಬರದ ಗುಂಡಿ ಇಲ್ಲವೇ ಬಯೋಗ್ಯಾಸ್ ಮಾಡಿ. ಬಯೋಗ್ಯಾಸಿಗೆ ನೀರು ಶತ್ರುವಲ್ಲ, ಮಿತ್ರ. 1.2 ಕಿಲೋ ಹಸಿ ಕಸದಿಂದ ಸುಮಾರು 100 ಲೀಟರ್ ಅನಿಲ ಬಂದೀತು. ಕಾಲು ಗಂಟೆ ಒಲೆ ಉರಿದು ಮನೆಮಂದಿಗೆಲ್ಲ ಚಹಾ ಆಗುತ್ತದೆ. ಉಳಿದ ಬಗ್ಗಡ ತೆಂಗಿನ ಬುಡಕ್ಕೆ.

* ಚೊಕ್ಕ ಕಾಗದ, ಬಾಟಲಿ, ತಗಡು ಗುಜರಿಗೆ ಹೋಗಲಿ. ಕಸ ಆಯುವ ತಾಯಂದಿರ ಅನ್ನ ಅದರಲ್ಲಿದೆ. ಒದ್ದೆಯಾದರೆ ಅವರಿಗೆ ಬೆಲೆ ಸಿಗುವುದಿಲ್ಲ.

* ಯಾರಿಗೂ ಬೇಡವಾದ ಒಣ ಕಸ ಮಾತ್ರ ಸ್ಥಾವರಕ್ಕೆ. ಮಣ್ಣು, ಬೂದಿ ಸೇರಿಸಬೇಡಿ.

* ಮನೆಯಂಗಳದಲ್ಲಿ ಪ್ಲಾಸ್ಟಿಕ್ ಸುಡಲೇಬೇಡಿ. ಅದರಿಂದ ಶಾಖವೂ ದಕ್ಕದು. ವಿಷದ ಹೊಗೆ ಮಾತ್ರ ಮಕ್ಕಳ ಎದೆಗೆ ಹೋಗುತ್ತದೆ.

ಮುಂದಿನ ಸಂಘದ ಸಭೆಗೆ ಒಂದು ತಕ್ಕಡಿ ತನ್ನಿ. ಒಂದು ವಾರ ಪ್ರತಿ ಮನೆಯ ಹಸಿ, ಒಣ ಕಸ ತೂಗಿ ಬರೆದಿಡಿ. ನಾಳೆ ನಿಮ್ಮೂರಿಗೆ ಯಾರಾದರೂ ಕರೆಂಟಿನ ಯೋಜನೆ ತಂದರೆ, "ನಮ್ಮ ಕಸದಲ್ಲಿ ಶಾಖ ಎಷ್ಟಿದೆ ಅಂತ ಅಳೆದಿದ್ದೀರಾ?" ಎಂದು ಧೈರ್ಯವಾಗಿ ಕೇಳಿ. ಲೆಕ್ಕ ನಿಮ್ಮ ಕೈಯಲ್ಲಿರಲಿ.